ದಾದಾಪೀರ ಹಾಕಿಟ್ಟ ಕೀಲಿ

ಇಂಟರ್‌ನೆಟ್ ಹೋಗಿರಬಹುದು. ಇಂಟರ್‌ನೆಟ್ ಇದ್ದೂ ಅದು ಕಂಪ್ಯೂಟರಿಗೆ ಗೊತ್ತಾಗದಿರಬಹುದು. ಕಂಪ್ಯೂಟರಿನ ಗಡಿಯಾರ ಹಿಂದೆ ಬಿದ್ದಿರಬಹುದು. ಕೀಲಿಯನ್ನು ನಕಲು ಮಾಡುವಾಗ ಕೊನೆಯ ಅಕ್ಷರ ಬಿಟ್ಟುಹೋಗಿರಬಹುದು, ಇಲ್ಲವೇ ಒಂದು ಖಾಲಿ ಜಾಗ ಜೊತೆಗೆ ಅಂಟಿಕೊಂಡು ಬಂದಿರಬಹುದು. ಬ್ಯಾಂಕಿನವರು ನನ್ನ ಕಾರ್ಡನ್ನು ತಡೆದಿರಬಹುದು. ಕೀಲಿ ಕೊಟ್ಟ ಕಂಪನಿಯೇ ಮುಚ್ಚಿಹೋಗಿರಬಹುದು. ಮುಚ್ಚದಿದ್ದರೆ, ರಾಣೇಬೆನ್ನೂರಿನಲ್ಲಿ ಕುಳಿತ ಯಾರೋ ಒಬ್ಬ ಮುಂಜಾನೆಯಿಂದ ಬಾಗಿಲು ಬಡಿಯುತ್ತಲೇ ಇದ್ದಾನೆ, ಇವನು ಕಳ್ಳನೇ ಸೈ ಎಂದು ನನ್ನ ಹೆಸರನ್ನು ಬರೆದಿಟ್ಟುಕೊಂಡಿರಬಹುದು. ಹಾಗೆ ಬರೆದಿಟ್ಟುಕೊಂಡದ್ದು ಪೊಲೀಸರವರೆಗೆ ಹೋಗಿರಬಹುದು.

ಇಷ್ಟನ್ನೂ ನಾನು ಒಂದೇ ಮುಂಜಾನೆ, ಚಹಾ ಆರುವುದರೊಳಗೆ ಯೋಚಿಸಿ ಮುಗಿಸಿದ್ದೆ. ಹೆಂಡತಿ ಶೋಭಾ ಎಲ್ಲವನ್ನೂ ಕೇಳಿಸಿಕೊಂಡು, "ಒಂದ್ ಬಿಟ್ರಿ ನೋಡ್ರಿ. ಭೂಕಂಪ ಆಗಿರಬೇಕು" ಎಂದು ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಇದು ಕಳೆದ ವರ್ಷ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದಾಗಿನ ಮಾತು. ನನ್ನ ಗೆಳೆಯ ದಾದಾಪೀರ ತೀರಿಕೊಂಡು ಆಗ ಕೆಲವು ತಿಂಗಳಾಗಿದ್ದವು.

ದಾದಾಪೀರ ಬ್ಯಾಡಗಿಯವನು. ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲಿ ಕುಳಿತವನು. ದೊಡ್ಡವನಾದ ಮೇಲೆ ಹಾವೇರಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದ. ನನ್ನದು ರಾಣೇಬೆನ್ನೂರಿನಲ್ಲಿ ಒಂದು ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ಬೀಜದ ಕಂಪನಿಗಳ ಕರಪತ್ರ, ಶ್ರದ್ಧಾಂಜಲಿ ಬ್ಯಾನರ್, ಯಾವುದು ಬಂದರೂ ಮಾಡಿಕೊಡುತ್ತೇನೆ. ಅಚ್ಚಾಗಿ ಹೋದ ಮೇಲೂ ಅದರಲ್ಲಿ ತಪ್ಪು ಉಳಿದಿರಬೇಕು ಎಂದು ಕೊರಗುವುದು ನನ್ನ ಅಭ್ಯಾಸ. ಅದನ್ನು ನೋಡಲಾರದೆ ಒಂದು ಭಾನುವಾರ ದಾದಾಪೀರ ಬಂದು, ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರನ್ನು ಒರೆಸಿ, ತಿದ್ದುವುದು, ಅನುವಾದಿಸುವುದು, ಧ್ವನಿ ಕೇಳಿ ಬರೆದುಕೊಡುವುದು ಎಲ್ಲವನ್ನೂ ಮಾಡುವ ಒಂದು ಎಐ ಸಾಧನವನ್ನು ಅದರಲ್ಲಿ ಹಾಕಿಕೊಟ್ಟ. ಚಿತ್ರ ಇಲ್ಲ, ಬಣ್ಣ ಇಲ್ಲ. ಕರಿ ಪರದೆ, ಬಿಳಿ ಅಕ್ಷರ.

"ಇದಕ್ಕ ಒತ್ತೂ ಬಟನ್ ಎಲ್ಲೈತೋ?" ಎಂದು ಕೇಳಿದೆ.

"ಬಟನ್ ಇಲ್ಲ. ಬೇಕಾದ್ದನ್ನ ಬರದು ಕೇಳಬೇಕು. ದೇವರಿಗೆ ಬಟನ್ ಐತೇನು?"

ಅದು ಕೆಲಸ ಮಾಡಬೇಕಾದರೆ ಒಂದು ಕೀಲಿ ಬೇಕು. ಕೀಲಿ ಅಂದರೆ ಕಬ್ಬಿಣದ್ದಲ್ಲ. ಆ ಸಾಧನದ ಕಂಪನಿಯವರು ಕೊಡುವ ಒಂದು ಉದ್ದನೆಯ ಅಕ್ಷರಸಾಲು. ಕೇಳುತ್ತಿರುವವನು ಯಾರು, ಖರ್ಚು ಯಾರ ಖಾತೆಗೆ ಎಂಬುದು ಅದರಿಂದ ಅವರಿಗೆ ತಿಳಿಯುತ್ತದೆ. ಎಪಿಐ ಕೀ ಎನ್ನುತ್ತಾರೆ. ನಾವಿಬ್ಬರೂ ಕೀಲಿ ಎಂದೇ ಅನ್ನುತ್ತಿದ್ದೆವು. ದಾದಾಪೀರ ತನ್ನದೇ ಕೀಲಿ ಹಾಕಿಕೊಟ್ಟ. ನಾನು ಸುಮ್ಮನಿರಬೇಕಲ್ಲ? ಕರೆಂಟ್ ಹೋದರೆ ಕೀಲಿಯೂ ಹೋಗುತ್ತದೆಯೇ, ಪರದೆಯ ಮೇಲಿನ ಕಿಟಕಿ ಮುಚ್ಚಿದರೆ ಮತ್ತೆ ಹಾಕಬೇಕೇ, ನಾನೇ ಕೈತಪ್ಪಿ ಅಳಿಸಿಬಿಟ್ಟರೆ ಗತಿಯೇನು ಎಂದು ಅವನ ಜೀವ ತಿಂದೆ. ಅವನು ಮತ್ತೆ ಕುಳಿತು ಏನನ್ನೋ ಬರೆದು ಎದ್ದ.

"ಲೇ ಬಸ್ಯಾ, ಈಗ ನೀನ ಅಳಸ್ತೇನಿ ಅಂದ್ರೂ ನಿನಗ ಸಿಗೂದಿಲ್ಲ, ಅಂಥಲ್ಲಿ ಇಟ್ಟೇನಿ. ಇನ್ನ ಈ ಕೀಲಿ ಚಿಂತಿ ಬಿಡು. ಬ್ಯಾರೆ ಚಿಂತಿ ನಿನಗ ರಗಡ ಅದಾವು."

ಬಿಟ್ಟೆ. ಜೀವನದಲ್ಲಿ ನಾನು ಪೂರ್ತಿಯಾಗಿ ಬಿಟ್ಟ ಚಿಂತೆ ಅದೊಂದೇ ಇರಬೇಕು.

ಅವನಿಗೆ ಮೊಬೈಲಿನಲ್ಲಿ ಬರೆಯಲು ಬೇಸರ. ವಾಟ್ಸ್‌ಆಪ್‌ನಲ್ಲಿ ಯಾವಾಗಲೂ ಧ್ವನಿಯನ್ನೇ ಕಳಿಸುತ್ತಿದ್ದ. ನನಗೆ ಅದನ್ನು ಕೇಳಲು ಭಯ. "ಲೇ ಬಸ್ಯಾ" ಎಂಬಷ್ಟು ಕೇಳಿದೊಡನೆ ಏನೋ ಆಗಿದೆ ಎಂದು ಎದೆ ಹೊಡೆದುಕೊಂಡು, ಮುಂದಿನದನ್ನು ಕೇಳದೆ ನೇರ ಫೋನ್ ಮಾಡಿಬಿಡುತ್ತಿದ್ದೆ.

"ಏನಾತೋ?"

"ಏನೂ ಆಗಿಲ್ಲೋ ಮಾರಾಯಾ. ಅದರಾಗ ಹೇಳೇನಲ್ಲ. ಪೂರ್ತಿ ಕೇಳಾಕ ಏನ್ ಧಾಡಿ ನಿನಗ?"

ಹೀಗೆ ವರ್ಷಗಟ್ಟಲೆ ಅವನು ಕಳಿಸಿದ, ನಾನು ಕೇಳದ ಮಾತುಗಳು ನನ್ನ ಮೊಬೈಲಿನಲ್ಲಿ ಹಾಗೇ ಬಿದ್ದಿದ್ದವು.

ದೀಪಾವಳಿ ಮುಗಿದ ಮೇಲೆ ದಾದಾಪೀರನ ಎದೆಯಲ್ಲಿ ನೀರು ತುಂಬಿಕೊಂಡು ದಾವಣಗೆರೆಯ ಒಂದು ಆಸ್ಪತ್ರೆಗೆ ಸೇರಿಸಿದರು. ನಾನು ಹೋಗಿ ಬಂದು ಮಾಡುತ್ತಿದ್ದೆ. ಆದರೆ ನಾನು ಎದುರಿಗೆ ಕುಳಿತರೆ ಅವನು ಮಾತಾಡಲು ಹೋಗುತ್ತಾನೆ, ಮಾತಾಡಿದರೆ ಕೆಮ್ಮು ಬರುತ್ತದೆ ಎಂದು ಬೇಗ ಎದ್ದು ಬರುತ್ತಿದ್ದೆ. ಊರು ಮುಟ್ಟುವುದರೊಳಗೆ ಅವನ ಧ್ವನಿ ಬಂದಿರುತ್ತಿತ್ತು. ಅದನ್ನು ಕೇಳುವ ಬದಲು ಅವನ ಹೆಂಡತಿ ನಸ್ರೀನಳಿಗೆ ಫೋನ್ ಮಾಡುತ್ತಿದ್ದೆ. "ಆರಾಮ ಅದಾರ್ರಿ ಅಣ್ಣಾ" ಎಂದು ಆಕೆ ಅಂದರೆ ನನಗೆ ಅಷ್ಟು ಸಾಕಾಗುತ್ತಿತ್ತು.

ಒಂದು ಮುಂಜಾನೆ ಆರಾಮ ಇರಲಿಲ್ಲ.

ಆ ದಿನವೇ ಅವನ ಅಕ್ಕ ಹುಸೇನಬಿ ಬ್ಯಾಡಗಿಯಿಂದ ಅವನನ್ನು ನೋಡಲು ಬರುವವಳಿದ್ದಳು. ಬಂದಳು. ಆಕೆ ಬರುವುದರೊಳಗೆ ಮುಗಿದಿತ್ತು. ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದ ಆಕೆ ಮೊದಲು ಅಳಲಿಲ್ಲ. "ಮೀಸಿ ಎಲ್ಲಿ? ನನ್ನ ತಮ್ಮನ ಮೀಸಿ ಯಾರ್ ತಗದ್ರು?" ಎಂದು ದೊಡ್ಡ ದನಿಯಲ್ಲಿ ಕೇಳಿದಳು. ಮೀಸೆ ಮೂಡಿದಾಗಿನಿಂದ ದಾದಾಪೀರ ಅದನ್ನು ತೆಗೆಸಿದವನಲ್ಲ. ಹಿಂದಿನ ಸಂಜೆ ನಸ್ರೀನ ಮಕ್ಕಳನ್ನು ನೋಡಲು ಹಾವೇರಿಗೆ ಹೋಗಿದ್ದಳು, ಆಕೆಗೂ ತಿಳಿಯದು. ಆಸ್ಪತ್ರೆಯ ಪದ್ಧತಿ ಇರಬೇಕು ಎಂದು ನಾವೇ ಯಾರೋ ಹೇಳಿದೆವು. ಆಕೆಗೆ ಅದು ಮುಳ್ಳಿನಂತೆ ಉಳಿದುಬಿಟ್ಟಿತು. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು: "ಕೇಳಲಿಲ್ಲ, ಹೇಳಲಿಲ್ಲ, ಬ್ಯಾರೆ ಯಾರದೋ ಮುಖಾ ಮಾಡಿ ಕೊಟ್ರು."

ಹುಸೇನಬಿಯನ್ನು ಅವನಂತೆ ನಾನೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತೇನೆ. ಹುಡುಗಿಯಾಗಿದ್ದಾಗ ಬಂದ ಜ್ವರದಲ್ಲಿ ಆಕೆಯ ಕಿವಿ ಎರಡೂ ಹೋದವು. ಅಷ್ಟರಲ್ಲಿ ಶಾಲೆ ಕಲಿತಿದ್ದರಿಂದ ಓದು ಉಳಿಯಿತು, ಮಾತೂ ಉಳಿಯಿತು. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ತಾನಾಗಿ ಕಲಿತಳು. ದಾದಾಪೀರನನ್ನು ಎತ್ತಿ ಆಡಿಸಿದವಳು ಆಕೆಯೇ. ಅವನು ಆಕೆಯ ಕಡೆ ಮುಖ ತಿರುಗಿಸಿ, ಬೆಳಕಿಗೆ ನಿಂತು, ನಿಧಾನ ಮಾತಾಡುತ್ತಿದ್ದ. ಅವರ ಮನೆಯಲ್ಲಿ ಕರೆಂಟ್ ಹೋದರೆ ಅಕ್ಕ ತಮ್ಮನ ಮಾತೂ ನಿಲ್ಲುತ್ತಿತ್ತು.

ಸುಗ್ಗಿಯಲ್ಲಿ ಆಪಾ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಒಂದು ಗೋದಾಮಿಗೆ ಹೋಗುತ್ತಾಳೆ. ಆ ಗೋದಾಮಿನ ಮಾಲೀಕರಿಗೆ ಚೀಲಕ್ಕೆ ಹಚ್ಚುವ ಚೀಟಿ ಮುದ್ರಿಸಿ ಕೊಡಲು ಹೋದಾಗ ನಾನು ಆಕೆಯನ್ನು ನೋಡಿದೆ. ಕೆಂಪು ರಾಶಿಯ ಸುತ್ತ ಹೆಂಗಸರು ಕುಳಿತಿದ್ದರು. ಘಾಟಿಗೆ ಎಲ್ಲರೂ ಸೆರಗನ್ನು ಬಾಯಿಗೆ ಕಟ್ಟಿಕೊಂಡಿದ್ದರು. ಎಲ್ಲರ ಬಾಯಿ ಮುಚ್ಚಿದಲ್ಲಿ ಆಪಾಗೆ ಯಾರ ಮಾತೂ ಕಾಣುವುದಿಲ್ಲ. ದಿನವಿಡೀ ಒಬ್ಬಳೇ ಇದ್ದಂತೆ. ನನ್ನನ್ನು ನೋಡಿ ಎದ್ದು ಬಾಗಿಲಿಗೆ ಬಂದಳು.

"ಬಸು, ದಾದಾ ನಿನಗ ಫೋನಿನ್ಯಾಗ ಮಾತ್ ಕಳಸ್ತಿದ್ದನಲ್ಲ, ಅವು ಇನ್ನೂ ಅದಾವನು?"

"ಅದಾವು ಆಪಾ."

"ಫೋನ್ ಬಾಯಿಗೆ ಅಡ್ಡ ಹಿಡ್ಕೊಂಡ್ ಮಾತಾಡ್ತಿದ್ದ. ನನಗ ಕಾಣಬಾರದಂತ ಹಂಗ ಹಿಡೀತಾನೇನೋ ಅಂತ ನಾ ಸಿಟ್ಟಿಗೇಳ್ತಿದ್ದೆ. ನೋಡು, ನನಗ ಕೇಳಸೂದಿಲ್ಲ. ಫೋನಿನ್ಯಾಗ ಬರೇ ಗೆರಿ ಕಾಣ್ತಾವ, ಬಾಯಿ ಕಾಣೂದಿಲ್ಲ. ಅವನ್ನೆಲ್ಲಾ ಬರದು ಕೊಡು. ದವಾಖಾನ್ಯಾಗ ಇದ್ದಾಗ ಏನಂದ, ಅದೂ. ಚಂದಂದು ಅಷ್ಟ ಆರಿಸಿ ಕೊಡಬ್ಯಾಡ. ಅಂವಾ ಅಂದಂಗ ಕೊಡು."

"ಆತು ಆಪಾ."

"ಕಣ್ಣು ಇದ್ದಾಗ ಕೊಡಪಾ. ಕಿವಿ ಅಂತೂ ಹ್ವಾದವು. ಕಣ್ಣಿನ ನರಾನೂ ಒಣಗಾಕತ್ತಾವಂತ, ಡಾಕ್ಟರು ಖಾತ್ರಿ ಕೊಟ್ಟಿಲ್ಲ" ಎಂದು ಬೇರೆ ಯಾರದೋ ಸುದ್ದಿ ಹೇಳಿದಂತೆ ಹೇಳಿ, ಒಳಗೆ ಹೋಗಿ ಕುಳಿತಳು.

ಮರುದಿನ ಅಂಗಡಿಯಲ್ಲಿ ಮೊದಲ ಧ್ವನಿಯನ್ನು ಹಚ್ಚಿದೆ. "ಲೇ ಬ" ಎಂಬಷ್ಟು ಬಂತು. ಬೆರಳು ತಾನಾಗಿ ನಿಲ್ಲಿಸಿತು. ಈಗ ಫೋನ್ ಮಾಡಿ ಏನಾತೋ ಎಂದು ಕೇಳಲು ಆ ಕಡೆ ಯಾರೂ ಇರಲಿಲ್ಲ. ಕೇಳುವುದು ನನ್ನಿಂದ ಆಗದ ಕೆಲಸ ಎಂದು ಖಾತ್ರಿಯಾಯಿತು. ಆಗ ಮೂಲೆಯ ಕಂಪ್ಯೂಟರ್ ನೆನಪಾಯಿತು. ಧ್ವನಿಗಳನ್ನೆಲ್ಲ ಅದಕ್ಕೆ ಕೊಟ್ಟು, ಅದು ಬರೆದದ್ದನ್ನು ನಾನು ನೋಡದೆ ಮುದ್ರಿಸಿ ಆಪಾಗೆ ಒಪ್ಪಿಸಿಬಿಡಬಹುದು. ನನ್ನಂಥ ಹೇಡಿಗೆ ಹೇಳಿ ಮಾಡಿಸಿದ ಉಪಾಯ.

ಕರಿ ಪರದೆ ತೆರೆದು ಕೇಳಿದೆ. ಕೆಂಪು ಅಕ್ಷರದಲ್ಲಿ ಉತ್ತರ ಬಂತು: ಕೀಲಿ ಸರಿಯಿಲ್ಲ.

ಇದಕ್ಕೆ ನಾನು ಗಾಬರಿಯಾಗಲಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತೇನೆ. ನಸ್ರೀನ ಗಂಡನ ಬ್ಯಾಂಕ್ ಖಾತೆ, ಕಾರ್ಡು ಎಲ್ಲ ಮುಚ್ಚಿಸಿದ್ದಳು. ಅವನು ಹೋದ, ಅವನ ಕೀಲಿಯೂ ಹೋಗಿರುತ್ತದೆ. ಹಾಗಾಗಿ ನನ್ನ ಹೆಸರಿನಲ್ಲಿ ಖಾತೆ ತೆರೆದೆ, ನನ್ನ ಕಾರ್ಡು ಕೊಟ್ಟೆ, ನನ್ನದೇ ಒಂದು ಕೀಲಿ ಪಡೆದೆ. ಸಾಧನ ಹೇಳಿದ ಜಾಗದಲ್ಲಿ ಅದನ್ನು ಜತನದಿಂದ ಅಂಟಿಸಿದೆ. ಕೀಲಿ ಉಳಿಸಿಕೊಂಡೆ ಎಂದು ಅದು ಒಪ್ಪಿಕೊಂಡಿತು. ಮತ್ತೆ ಕೇಳಿದೆ. ಕೀಲಿ ಸರಿಯಿಲ್ಲ.

ಗಾಬರಿ ಶುರುವಾದದ್ದು ಇಲ್ಲಿ. ಮೊದಲಿಗೆ ಬರೆದೆನಲ್ಲ, ಆ ಮುಂಜಾನೆ ಇದೇ. ವೈಫೈ ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆ. ಗಡಿಯಾರ ಸರಿಯಿದೆಯೇ ಎಂದು ನೋಡಿದೆ. ಕೀಲಿಯನ್ನು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿದೆ. ಅದನ್ನು ರದ್ದು ಮಾಡಿ ಹೊಸದು ಪಡೆದೆ, ಅದನ್ನೂ ರದ್ದು ಮಾಡಿ ಇನ್ನೊಂದು. ಸಾಧನವನ್ನೇ ಕಿತ್ತುಹಾಕಿ ಮತ್ತೆ ಹಾಕಿದೆ. ಬ್ಯಾಂಕಿಗೆ ಹೋಗಿ ಕಾರ್ಡು ಸರಿಯಿದೆಯೇ ಎಂದು ಕೇಳಿದೆ. ನನ್ನ ಮುಖ ನೋಡಿ ಅಲ್ಲಿದ್ದ ಮೇಡಂ ನೀರು ತರಿಸಿದರು. ಪ್ರತಿಸಲವೂ ಕೆಂಪು ಅಕ್ಷರ ಕಂಡೊಡನೆ ಕಿಟಕಿ ಮುಚ್ಚಿಬಿಡುತ್ತಿದ್ದೆ. ತೆರೆದಿಟ್ಟರೆ ಇನ್ನೂ ಏನಾದರೂ ಕೆಟ್ಟೀತು ಎಂಬ ಭಯ.

ವಾರಗಳು ಹೋದವು. ಆಪಾಳ ಸೊಸೆಯ ಮೊಬೈಲಿನಿಂದ ನನಗೆ ಆಗಾಗ ಒಂದೇ ಶಬ್ದದ ಸಂದೇಶ ಬರುತ್ತಿತ್ತು: "ಆತನಪಾ?" ನಾನು "ನಡದೈತಿ ಆಪಾ" ಎಂದು ಬರೆಯುತ್ತಿದ್ದೆ. ಒಂದು ಸಲ ಆ ಶಬ್ದದ ಜೊತೆಗೆ ಇನ್ನೊಂದು ಮಾತು ಬಂತು. "ಈಗ ಸಣ್ಣ ಅಕ್ಷರ ಕಾಣವಲ್ವು. ದೊಡ್ಡದಾಗಿ ಹಾಕು."

ಅಂದೇ ಮಧ್ಯಾಹ್ನ ಹಾವೇರಿಯ ತರಬೇತಿ ಕೇಂದ್ರದಲ್ಲಿ ದಾದಾಪೀರನ ಜೊತೆ ಕಲಿಸುತ್ತಿದ್ದ ಸುಜಾತಾ ಮೇಡಂಗೆ ಫೋನ್ ಮಾಡಿದೆ. ನನ್ನ ಇಡೀ ಪುರಾಣ ಕೇಳಿದ ಮೇಲೆ ಅವರು ಅಂದರು, "ಸರ್, ಆ ಎರರ್ ಏನಂತೈತಿ, ಓದ್ರಿ."

"ಕೀಲಿ ಸರಿ ಇಲ್ಲ ಅಂತೈತ್ರಿ."

"ಅದು ತಾತ್ಪರ್ಯ ಆತ್ರಿ. ಅದು ಏನ್ ಬರದೈತಿ, ಹಂಗ ಓದ್ರಿ. ಪೂರ್ತಿ."

ಪೂರ್ತಿ. ಈ ಶಬ್ದವನ್ನು ನನಗೆ ಮೊದಲೂ ಒಬ್ಬ ಹೇಳುತ್ತಿದ್ದ. ಕಿಟಕಿ ಮುಚ್ಚದೆ, ಬೆರಳಿಟ್ಟು ಓದುತ್ತ ಹೋದೆ. ಕೀಲಿ ಸರಿಯಿಲ್ಲ ಎಂಬಲ್ಲಿಗೆ ಅದು ಮುಗಿದಿರಲಿಲ್ಲ. ಯಾವ ಕೀಲಿ ಸರಿಯಿಲ್ಲ ಎಂಬುದನ್ನೂ ಬರೆದಿತ್ತು: ಸಾಲಾಗಿ ಚುಕ್ಕಿಗಳು, ಅವುಗಳ ಕೊನೆಗೆ ಕೀಲಿಯ ಕಡೆಯ ನಾಲ್ಕು ಅಕ್ಷರ.

"ನಿಮ್ಮ ಕೀಲಿ ಕಡೀಕ ಅವ ಅಕ್ಷರ ಅದಾವೇನ್ರಿ?"

ನೋಡಿದೆ. ಅವಲ್ಲ. ನಾನು ಪಡೆದ ಯಾವ ಕೀಲಿಯದೂ ಅವಲ್ಲ.

"ಇಲ್ರಿ. ಇದು ನಂದಲ್ರಿ ಮೇಡಂ."

ಮೇಡಂ ಸಣ್ಣ ದನಿಯಲ್ಲಿ, "ಹಂಗಾರ ದಾದಾಪೀರ ಸರ್‌ದ ಇರಬೇಕ್ರಿ" ಎಂದರು.

ಅವರು ಹೇಳಿದಂತೆ ಒಂದು ಫೈಲು ತೆರೆದೆ. ಕರಿ ಪರದೆ ತೆರೆದಾಗಲೆಲ್ಲ ಕಂಪ್ಯೂಟರ್ ಎಲ್ಲಕ್ಕಿಂತ ಮೊದಲು ಓದಿಕೊಳ್ಳುವ ಫೈಲು ಅದಂತೆ. ಅದರ ಕೊನೆಗೆ ಒಂದು ಸಾಲು ಇತ್ತು. ದಾದಾಪೀರನ ಕೀಲಿ. ಆ ಭಾನುವಾರ, ನಾನು ಅವನ ಜೀವ ತಿಂದ ಮೇಲೆ, ಮತ್ತೆ ಕುಳಿತು ಬರೆದದ್ದು. ಅಲ್ಲಿ ಕೀಲಿ ಸಿಕ್ಕ ಮೇಲೆ ಸಾಧನ ಬೇರೆ ಕಡೆ ಹುಡುಕುವುದೇ ಇಲ್ಲ. ನಾನು ಹಾಕಿದ ಕೀಲಿಗಳೆಲ್ಲ ಸರಿಯಾಗಿಯೇ ಇದ್ದವು. ಅದು ಅವುಗಳ ಹತ್ತಿರ ಬಂದೇ ಇರಲಿಲ್ಲ.

"ಆ ಸಾಲ್ ಅಳಿಸಿಬಿಡ್ರಿ ಸರ್, ಆತು."

ನನ್ನ ಕೈ ಕೀಲಿಮಣೆಯ ಮೇಲೆ ಹಾಗೇ ಉಳಿಯಿತು. "ಅಳಸಬೇಕೇನ್ರಿ?" ಎಂದೆ.

ಸುಜಾತಾ ಮೇಡಂ ಅವಸರ ಮಾಡಲಿಲ್ಲ. "ಅಳಸಬ್ಯಾಡ್ರಿ ಹಂಗಾರ. ಸಾಲಿನ ಮುಂದ ಒಂದು ಹ್ಯಾಶ್ ಗುರುತು ಹಾಕ್ರಿ. ಸಾಲು ಅಲ್ಲೇ ಇರ್ತೈತಿ. ಕಂಪ್ಯೂಟರ್ ಅಷ್ಟ ಅದನ್ನ ಓದೂದಿಲ್ಲ."

ಹಾಕಿದೆ. ಕಿಟಕಿ ಮುಚ್ಚಿ ಮತ್ತೆ ತೆರೆದು, ಧ್ವನಿಗಳನ್ನು ಕೊಟ್ಟೆ. ಬಿಳಿ ಅಕ್ಷರಗಳು ಬರತೊಡಗಿದವು.

ನೋಡದೆ ಮುದ್ರಿಸುವ ನನ್ನ ಉಪಾಯ ಮಾತ್ರ ನಡೆಯಲಿಲ್ಲ. ಮೊದಲ ಸಾಲೇ ಕಣ್ಣಿಗೆ ಬಿತ್ತು: "ಬಸವರಾಜ್, ನೀವು ಊಟ ಮಾಡಿದ್ದೀರಾ?" ದಾದಾಪೀರ ನನಗೆ ಬಸವರಾಜ್ ಅಂದವನಲ್ಲ. ನೀವು ಅಂದದ್ದಂತೂ ಅವನ ಜನ್ಮದಲ್ಲಿ ಇಲ್ಲ. ಆ ಸಾಧನ ನಮ್ಮ ಕಡೆಯ ಮಾತನ್ನು ಇಸ್ತ್ರಿ ಮಾಡಿ, ಟೈ ಕಟ್ಟಿ ನಿಲ್ಲಿಸಿತ್ತು. ಅಂವಾ ಅಂದಂಗ ಕೊಡು ಎಂದು ಆಪಾ ಹೇಳಿದ್ದಳು. ತಿದ್ದಬೇಕು. ತಿದ್ದಬೇಕೆಂದರೆ ಕೇಳಬೇಕು.

ಅಂಗಡಿಯ ಬಾಗಿಲು ಅರ್ಧ ಎಳೆದು, ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಕುಳಿತೆ. ಹಲವು ಮಧ್ಯಾಹ್ನ ಹಾಗೇ ಕುಳಿತೆ. ಮಿರ್ಚಿ ಭಜಿ ತಿನ್ನಲು ಬಾ ಎಂದದ್ದು, ಶಾಯಿ ಮುಗಿದಿದ್ದರೆ ಹಾವೇರಿಯಿಂದ ತರಲೇ ಎಂದದ್ದು, ನನ್ನ ಬ್ಯಾನರಿನಲ್ಲಿ ಸತ್ತವರ ಫೋಟೋ ಬದುಕಿದವರಿಗಿಂತ ಚಂದ ಬರುತ್ತದೆ ಎಂದು ನಕ್ಕದ್ದು. ನಾನು ಹೆದರಿ ಕೇಳದೆ ಬಿಟ್ಟ ಅಷ್ಟೂ ಮಾತುಗಳಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಆಸ್ಪತ್ರೆಯವು ಚಿಕ್ಕವು. ಮಾತಿಗಿಂತ ಉಸಿರೇ ಹೆಚ್ಚು. ಕಡೆಯದನ್ನು ಅವನು ಕಳಿಸಿದ್ದು ಹಿಂದಿನ ಸಂಜೆ.

ಆ ಹಾಳೆಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಂಡು ಬ್ಯಾಡಗಿಗೆ ಹೋದೆ. ಆಪಾ ಗೋದಾಮಿನ ಬಾಗಿಲಲ್ಲಿ, ಬಿಸಿಲು ಬೀಳುವಲ್ಲಿ ಕುಳಿತಳು. ಕೈ ಮೆಣಸಿನಕಾಯಿಯದಾಗಿದ್ದರಿಂದ ಹಾಳೆ ನಾನು ಹಿಡಿದೆ, ಮುಗಿದೊಡನೆ ತಿರುವಿದೆ. ಓದುವಾಗ ಆಕೆಯ ತುಟಿಗಳು ಅಲುಗುತ್ತಿದ್ದವು. ಕೆಲವು ಕಡೆ ನಕ್ಕಳು. "ಮಿರ್ಚಿ ತಿಂದು ಬಂದು ಮನ್ಯಾಗ ಹಸಿವಿಲ್ಲ ಅಂತಿದ್ದ, ಕಳ್ಳ" ಎಂದಳು. ಕಡೆಯ ಹಾಳೆ ಬಂತು. ಅದರಲ್ಲಿ ಇದ್ದದ್ದು ಇಷ್ಟು:

"ಲೇ ಬಸ್ಯಾ, ಪೂರ್ತಿ ಕೇಳು, ಫೋನ್ ಮಾಡಬ್ಯಾಡ. ಇವತ್ತ ವಾರ್ಡಿಗೆ ಕ್ಷೌರದಾಂವ ಬಂದಿದ್ದ. ಮೀಸಿ ತಗಿಸಿಬಿಟ್ಟೆ. ನೋಡಿ ನಗಬ್ಯಾಡ ಮತ್ತ. ಬೆಳದು ತುಟಿನ ಮುಚ್ಚಿಬಿಟ್ಟಿತ್ತು. ನಾಳಿ ಆಪಾ ಬರ್ತಾಳ. ದನಿ ಇಲ್ಲದಿದ್ರೂ ಆಕಿಗೆ ನಡೀತೈತಿ, ತುಟಿ ಕಾಣಬೇಕು. ಒಂದ್ ಮಾತ್ ಹೇಳೂದೈತಿ ಆಕಿಗೆ. ನಿನಗಲ್ಲ. ನಿನಗ ಹೇಳಿದ್ರ ನೀ ಮಲಗೂದಿಲ್ಲ."

ಆಪಾ ಒಂದು ಸಲ ಓದಿದಳು. ಮತ್ತೆ ಮೇಲಿನಿಂದ ಓದಿದಳು. ನನ್ನ ಮುಖ ನೋಡಿದಳು.

"ದವಾಖಾನಿಯವರು ಅಲ್ಲನು?"

"ಅಲ್ಲ ಆಪಾ. ತಾನ ತಗಿಸ್ಯಾನ."

"ನನ್ನ ಸಲುವಾಗಿ."

"ಹೂಂ."

"ಏನ್ ಹೇಳಾಂವಿದ್ದ?"

"ಅದನ್ನ ಹೇಳಿಲ್ಲ ಆಪಾ. ಇದ ಕಡೀದು."

ಆಕೆಯ ಕಣ್ಣಿನಿಂದ ನೀರು ಇಳಿಯಿತು. ಮೆಣಸಿನಕಾಯಿ ಕೈಯನ್ನು ಕಣ್ಣಿಗೆ ಹಚ್ಚುವಂತಿಲ್ಲ. ಎರಡೂ ಕೈ ಮಡಿಲ ಮೇಲೆ ಅಂಗಾತ ಬಿಟ್ಟು, ಒರೆಸಿಕೊಳ್ಳದೆ ಹಾಗೇ ಕುಳಿತಳು. ಒಳಗೆ ಹೆಂಗಸರು ಕೆಮ್ಮುವುದು ಕೇಳುತ್ತಿತ್ತು. ಅದು ನನಗೆ ಮಾತ್ರ.

ಆಮೇಲೆ ಕೇಳಿದಳು, "ಇಷ್ಟ್ ದಿನಾ ಯಾಕ ಹತ್ತಿತು ಬಸು?"

ನಾನು ಬೆಳಕಿನ ಕಡೆ ಮುಖ ಮಾಡಿ, ದಾದಾಪೀರ ಮಾತಾಡುತ್ತಿದ್ದ ಹಾಗೆ ನಿಧಾನವಾಗಿ ಹೇಳಿದೆ: "ಅವನ ಕೀಲಿ ನನ್ನ ಕೀಲಿಗಿಂತ ಮುಂದ ಇತ್ತು ಆಪಾ. ಕಂಪ್ಯೂಟರ್ ಅದನ್ನ ಮೊದಲ ನೋಡ್ತಿತ್ತು."

ಆಪಾ ತಲೆಯಾಡಿಸಿದಳು. "ಹಂಗ ಅಂವಾ. ರೇಶನ್ ಪಾಳಿಯೊಳಗೂ ಬಂದು ನನ್ನ ಮುಂದ ನಿಂತುಬಿಡ್ತಿದ್ದ. ಹೆಸರ್ ಕರದ್ರ ನನಗ ಕೇಳಸೂದಿಲ್ಲಂತ." ನನ್ನ ತುಟಿ ನೋಡುತ್ತ, "ಅವನ ಕೀಲಿ ತಗದ್ ಹಾಕಿದೇನು?" ಎಂದಳು.

"ಇಲ್ಲ. ಅಲ್ಲೇ ಐತಿ."

ಈಗ ನಾನು ಯಾರ ಧ್ವನಿ ಬಂದರೂ ಪೂರ್ತಿ ಕೇಳುತ್ತೇನೆ. ಎದೆ ಹೊಡೆದುಕೊಳ್ಳುವುದು ನಿಂತಿಲ್ಲ, ಹೊಡೆದುಕೊಳ್ಳುತ್ತಲೇ ಕೇಳುತ್ತೇನೆ. ದಾದಾಪೀರ ಆಪಾಗೆ ಹೇಳಬೇಕೆಂದಿದ್ದ ಆ ಒಂದು ಮಾತು ಏನಿದ್ದೀತು ಎಂದು ಶೋಭಾಳನ್ನು ಕೇಳಿದರೆ ಆಕೆಯೂ ಈಗ ತಮಾಷೆ ಮಾಡುವುದಿಲ್ಲ. ಆ ಮುಂಜಾನೆ ನಾನು ಹೆದರಿದ್ದರಲ್ಲಿ ಒಂದೂ ಆಗಿರಲಿಲ್ಲ. ಇಂಟರ್‌ನೆಟ್ ಇತ್ತು, ಗಡಿಯಾರ ಸರಿಯಿತ್ತು, ಬ್ಯಾಂಕು, ಕಂಪನಿ, ಪೊಲೀಸರು ಯಾರಿಗೂ ನನ್ನ ನೆನಪೇ ಇರಲಿಲ್ಲ. ನಾನು ಚಿಂತೆ ಮಾಡಬಾರದೆಂದು ದಾದಾಪೀರ ಒಂದು ಸಾಲು ಬರೆದಿಟ್ಟಿದ್ದ. ಅದು ಇನ್ನೂ ಅಲ್ಲೇ ಇತ್ತು. ಕೆಟ್ಟದ್ದು ಅಷ್ಟೇ.